ಕಲ್ಲಿಗೆ ತೊಡಿಸಿದ ಬಳೆ

“ಗರಗಸ ನಿಲ್ಲಿಸು.”

ಶುಭದಾ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಬೀಳುವುದಾದರೂ ಹೇಗೆ? ಇಳಕಲ್ಲಿನ ಆ ಹಳೆಯ ಗ್ರಾನೈಟ್ ಪಾಲಿಶ್ ಶೆಡ್ಡಿನ ತಗಡು ಒಳಗಿನ ಸದ್ದನ್ನು ಒಳಗೇ ಹಿಡಿದಿಟ್ಟುಕೊಂಡು, ಬಂದವರ ತಲೆ ಚಿಟ್ಟು ಹಿಡಿಸುತ್ತಿತ್ತು. ನೀರು ಚಿಮ್ಮಿಸುತ್ತ ತಿರುಗುವ ಗರಗಸದ ಮುಂದೆ ಆಸಿಫ ಕೂತಿದ್ದ. ಕೈಯಲ್ಲಿ ಗೇಣುದ್ದದ ಕರಿಕಲ್ಲಿನ ದಿಂಡು. ಅದರ ತುದಿಗೂ ಗರಗಸದ ಅಲಗಿಗೂ ಎರಡು ಬೆರಳಿನ ಅಂತರ.

ಹೆಡ್ ಕಾನ್‌ಸ್ಟೇಬಲ್ ಮಾಳಪ್ಪ ಮಾತು ಖರ್ಚು ಮಾಡುವ ಮನುಷ್ಯನಲ್ಲ. ನೆಟ್ಟಗೆ ಗೋಡೆಯ ಹತ್ತಿರ ಹೋಗಿ ಮೇನ್ ಸ್ವಿಚ್ಚನ್ನೇ ಕೆಳಗೆ ಎಳೆದ.

ಗರಗಸ ಗೊಣಗುತ್ತ ನಿಂತಿತು. ಆಸಿಫ ತಲೆಯೆತ್ತಿದ. ಇಪ್ಪತ್ತಾರರ ಗಟ್ಟಿ ಆಳು, ಮುಖದ ಮೇಲೆಲ್ಲ ಕಲ್ಲಿನ ಬೂದು ರಾಡಿ. ಪೊಲೀಸರನ್ನು ಕಂಡು ಅವನಿಗೆ ಹೆದರಿಕೆಯಾಗಬೇಕಿತ್ತು. ಆದದ್ದು ಸಮಾಧಾನ ಎಂದು ಇನ್ಸ್‌ಪೆಕ್ಟರ್ ಶುಭದಾಗೆ ಅನ್ನಿಸಿತು. ಆ ಗಳಿಗೆಯಲ್ಲಿ ಅದರ ಬಗ್ಗೆ ಅವಳು ಹೆಚ್ಚು ಯೋಚಿಸಲಿಲ್ಲ.

“ಏನಾತ್ರಿ ಮೇಡಂ?” ಒಳಕೋಣೆಯಿಂದ ಗಣಿ ಹುಡುಕುವ ಕಂಪನಿಯ ಮ್ಯಾನೇಜರ್ ಶಿರೀಷ ಹೊರಗೆ ಬಂದ. ಶೆಡ್ಡಿನಲ್ಲಿ ಎಲ್ಲರ ಬಟ್ಟೆಯೂ ರಾಡಿಯಾಗಿತ್ತು, ಅವನ ಬಿಳಿ ಅಂಗಿಯ ಇಸ್ತ್ರಿ ಗೆರೆ ಮಾತ್ರ ಮುರಿದಿರಲಿಲ್ಲ. “ಸ್ಯಾಂಪಲ್ ಇವತ್ತ ಸಂಜೀಕ ಲ್ಯಾಬಿಗೆ ಹೋಗಬೇಕ್ರಿ. ಮೊದಲ ನಾಲ್ಕ ದಿನ ತಡಾ ಆಗ್ಯದ.”

“ಮಿಲಿಂದ ಅವರು ಸತ್ತದ್ದಕ್ಕ ತಡಾ ಆಗ್ಯದ,” ಎಂದಳು ಶುಭದಾ.

ಶಿರೀಷ ತಲೆ ತಗ್ಗಿಸಿದ. ಎಷ್ಟು ತಗ್ಗಿಸಬೇಕೋ ಅಷ್ಟೇ.

ನಾಲ್ಕು ದಿನದ ಹಿಂದೆ, ಹುನಗುಂದದಾಚೆಯ ಕರಿಗುಡ್ಡದಲ್ಲಿ ನಿಕ್ಕಲ್ ಮತ್ತು ತಾಮ್ರ ಹುಡುಕಿ ನೆಲ ಕೊರೆಯುತ್ತಿದ್ದ ರಿಗ್ಗಿನ ಪಕ್ಕದ ಕೆಸರು ಹೊಂಡದಲ್ಲಿ ಕಂಪನಿಯ ಭೂವಿಜ್ಞಾನಿ ಮಿಲಿಂದನ ಹೆಣ ಸಿಕ್ಕಿತ್ತು. ತಲೆಯ ಹಿಂದೆ ಏಟು, ಪ್ಯಾಂಟಿನ ಜೇಬಿನಲ್ಲಿ ಒಂದು ಹಿತ್ತಾಳೆಯ ಬಳೆ.

ಆ ಬಳೆಯನ್ನು ನಿನ್ನೆ ಸಂಜೆ ರಿಗ್ಗಿನ ಹಿರಿಯ ಡ್ರಿಲ್ಲರ್, ಆಸಿಫನ ಅಪ್ಪ ರಾಜಮಹ್ಮದನ ಮುಂದೆ ಹಿಡಿದದ್ದೇ ತಡ, ಮುದುಕ ನಿಂತಲ್ಲೇ ಕುಸಿದು ಕೂತ. “ನಾನ ಹೊಡದೇನ್ರಿ,” ಎಂದ. ಯಾಕೆ, ಏತರಿಂದ, ಎಷ್ಟು ಹೊತ್ತಿಗೆ ಎಂದು ಕೇಳಿದರೆ ಮತ್ತೆ ಅದೇ ಮಾತು. ಇವತ್ತು ನಾಲ್ಕಕ್ಕೆ ಕೋರ್ಟು. ಮ್ಯಾಜಿಸ್ಟ್ರೇಟರ ಮುಂದೆಯೂ ಅದನ್ನೇ ಹೇಳುತ್ತೇನೆ ಎಂದು ಪಟ್ಟು ಹಿಡಿದು ಕೂತಿದ್ದಾನೆ. ಅಲ್ಲಿ ಆಡಿದ ಮಾತು ಬರೆದಿಟ್ಟ ಮಾತಾಗುತ್ತದೆ. ಆಮೇಲೆ ಯಾವ ಇನ್ಸ್‌ಪೆಕ್ಟರಿಂದಲೂ ಅವನನ್ನು ಸುಲಭಕ್ಕೆ ಹೊರಗೆ ತರಲಾಗುವುದಿಲ್ಲ.

ಬಳೆ ಎಂದ ಕೂಡಲೆ ಚಹಾದಂಗಡಿಯವರಿಗೆಲ್ಲ ಕತೆ ಸಿದ್ಧವಾಗಿತ್ತು: ಹೆಣ್ಣಿನ ಸುದ್ದಿ, ಮತ್ತೇನು? ಶುಭದಾಗೆ ಮಾತ್ರ ಅದು ಗಂಟಲಲ್ಲಿ ಇಳಿಯಲಿಲ್ಲ. ರಿಗ್ಗಿನ ಸಪ್ಪಳ ಕೇಳಿಯೇ ನೆಲದೊಳಗೆ ಎಂಥ ಕಲ್ಲು ಸಿಕ್ಕಿದೆ ಎಂದು ಹೇಳುವ ಮನುಷ್ಯ ರಾಜಮಹ್ಮದ. ನೀರಿನ ಬೋರೆಂದು ತಿಳಿದು “ನೀರ ಬಿತ್ತೇನ್ರಿ?” ಎಂದು ದಿನಾ ಬಂದು ಕೇಳುವ ರೈತರಿಗೆ, ದಿನಾ ಅಷ್ಟೇ ತಾಳ್ಮೆಯಿಂದ “ಇಲ್ಲೋ ತಮ್ಮಾ, ನಾವು ಕಲ್ಲು ತಗ್ಯಾವರು,” ಎಂದು ಉತ್ತರ ಕೊಟ್ಟವನು. ಇಂಥವನು ಹೊಡೆದ ಎಂದರೆ ಯಾಕೆ ಹೊಡೆದ ಎಂಬುದಾದರೂ ಬೇಡವೇ?

ಅದಕ್ಕೆ ಸಣ್ಣ ದಾರಿ ತೋರಿಸಿದವಳು ಅವನ ಹೆಂಡತಿ ದಸ್ತಗೀರಬಿ. ಬೆಳಿಗ್ಗೆ ಠಾಣೆಯ ಮೆಟ್ಟಿಲ ಮೇಲೆ ರೊಟ್ಟಿಯ ಗಂಟು ಇಟ್ಟುಕೊಂಡು ಕೂತಿದ್ದಳು. ಅಳಲಿಲ್ಲ, ಕಾಲಿಗೆ ಬೀಳಲಿಲ್ಲ.

“ಆ ಬಳಿ ನಂದರಿ ಮೇಡಂ. ಮದವ್ಯಾಗ ಹಾಕಿದ್ದು. ಇಪ್ಪತ್ತೆರಡು ವರ್ಷ ಆತು, ನನ್ನ ಕೈಯಾಗಿಲ್ಲ. ನಮ್ಮನಿಯವರು ಅದನ್ನ ಕಲ್ಲಿಗೆ ತೊಡಸ್ತಾರ.”

“ಕಲ್ಲಿಗೆ?”

“ಹೂನ್ರಿ. ಅವರ ಕೆಲಸದ್ದು ಏನೋ. ಮಂದಿ ಏನೇನರ ಆಡ್ಕೊಳ್ಳಾಕತ್ತಾರ. ಅದಕ್ಕ ಹೇಳಾಕ ಬಂದೇನಿ.”

ಆ ಒಂದು ಮಾತು ಹಿಡಿದುಕೊಂಡೇ ಶುಭದಾ ಇಳಕಲ್ಲಿಗೆ ಬಂದಿದ್ದಳು. ಗಡಿಯಾರದಲ್ಲಿ ಎರಡಾಗಿತ್ತು.

ಅವಳು ಬಳೆಯನ್ನು ಪ್ಲಾಸ್ಟಿಕ್ ಚೀಲದಿಂದ ಹೊರತೆಗೆದಳು. ಬೆರಳಚ್ಚಿನವರು ನೋಡಿ ಮುಗಿಸಿದ್ದರು. ಹೊರಮೈಯಲ್ಲಿ ಹೂವಿನ ಕೆತ್ತನೆ, ಅದರ ಸಂದಿನಲ್ಲಿ ಬೂದು ಧೂಳು. ಒಳಮೈ ಮಾತ್ರ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಕೈಗೆ ತೊಟ್ಟ ಬಳೆ ಹೀಗೆ ಸವೆಯುವುದಿಲ್ಲ.

“ಆಸಿಫ, ನಿಮ್ಮಪ್ಪ ಇದನ್ನ ಏನ ಮಾಡ್ತಿದ್ರು?”

ಆಸಿಫ ಮ್ಯಾನೇಜರನ ಕಡೆ ನೋಡಿದ. ಆಮೇಲೆ ಬಳೆಯ ಕಡೆ. ಬಳೆಯ ಮೇಲೆ ಅವನ ಕಣ್ಣು ಸ್ವಲ್ಪ ಹೆಚ್ಚೇ ಹೊತ್ತು ನಿಂತಿತು.

“ಕೊರಿಯೋ ಬಿಟ್ಟು, ಅಂದ್ರ ರಾಡಿನ ತುದಿಗಿರೋ ಹಲ್ಲು, ಸವೀತೈತ್ರಿ ಮೇಡಂ. ಅದು ಸವದಂಗ ಒಳಗಿನ ಕಲ್ಲು ದಪ್ಪ ಬರ್ತೈತಿ. ಬಳಿ ಕಲ್ಲಿನ ಮ್ಯಾಲೆ ಸರದಾಡಿದ್ರ ಬಿಟ್ಟು ಬರೊಬ್ಬರಿ. ಬಳಿ ಹೋಗಲಿಲ್ಲಂದ್ರ ಬಿಟ್ಟು ಬದಲ ಮಾಡೋದು. ಕಂಪನಿ ಅಳಿಯೋ ಸಾಮಾನು ಕೊಟ್ಟೈತಿ ಖರೆ. ಅದು ಪೆಟ್ಟಿಗ್ಯಾಗ ತುಕ್ಕ ಹಿಡದೈತಿ.”

“ಬಳಿ ಎಲ್ಲೆ ಇಡ್ತಿದ್ರು?”

“ಟೂಲ್ ಪೆಟ್ಟಿಗ್ಯಾಗ್ರಿ. ಬೀಗ ಹಾಕಿ ಇಡ್ತಾರ. ನಮ್ಮ ಅಬ್ಬಾ ಅದನ್ನ ಯಾರ ಕೈಯಾಗೂ ಕೊಡಾಂಗಿಲ್ಲ.”

ಶಿರೀಷ ಸಣ್ಣಗೆ ನಕ್ಕ. “ಹಳೇ ಕಾಲದ ಮಂದಿ ಮೇಡಂ. ನಾವೂ ಏನೂ ಅನ್ನಲಿಲ್ಲ ಬಿಡ್ರಿ.”

ಶೆಡ್ಡಿನ ಉದ್ದಕ್ಕೂ ಕಟ್ಟಿಗೆಯ ಪೆಟ್ಟಿಗೆಗಳು ಸಾಲಾಗಿದ್ದವು. ಕೊಳವೆಯಿಂದ ಬಂದ ದುಂಡನೆಯ ಕಲ್ಲನ್ನು ಆಳದ ಲೆಕ್ಕದಂತೆ ಅವುಗಳಲ್ಲಿ ಮಲಗಿಸಿಟ್ಟಿದ್ದರು. ಒಂದೊಂದು ಪೆಟ್ಟಿಗೆಯ ಮೇಲೂ ಮೀಟರಿನ ಅಂಕಿ. ಒಂದೊಂದು ದಿಂಡನ್ನೂ ಉದ್ದಕ್ಕೆ ಸೀಳಿ ಅರ್ಧ ಲ್ಯಾಬಿಗೆ ಕಳಿಸುವುದು, ಅರ್ಧ ಪೆಟ್ಟಿಗೆಯಲ್ಲಿ ಉಳಿಸುವುದು ಪದ್ಧತಿ. ಕರಿಗುಡ್ಡದಲ್ಲಿ ಕೊರೆದ ಏಳನೇ ನಂಬರಿನ ಬಾವಿಯ ಪೆಟ್ಟಿಗೆಗಳು ಇನ್ನೂ ಸೀಳದೆ ಇದ್ದವು.

ಶುಭದಾ ಮೊದಲ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಒಂದು ದಿಂಡೆತ್ತಿ ಬಳೆ ತೊಡಿಸಿದಳು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಎರಡನೇ ಪೆಟ್ಟಿಗೆ, ಮೂರನೆಯದು, ಹತ್ತನೆಯದು. ಎಲ್ಲ ಕಡೆಯೂ ಅಷ್ಟೇ ಬಿಗಿ. ಕಲ್ಲೆಂದರೆ ಮಾಮೂಲಿ ಹಸಿರುಗಪ್ಪು ಕಲ್ಲು, ಹೊಳಪಿಲ್ಲ, ಬಣ್ಣವಿಲ್ಲ. ಮಾಳಪ್ಪ ಆಕಳಿಸಿದ.

ಆಸಿಫನ ಪಕ್ಕದಲ್ಲಿದ್ದ ಪೆಟ್ಟಿಗೆಯ ಮೇಲೆ ಬರೆದಿತ್ತು: ಅರವತ್ತೊಂದರಿಂದ ಅರವತ್ನಾಲ್ಕು ಮೀಟರ್. ಅದರ ಕಲ್ಲು ಬೇರೆಯೇ. ಕಪ್ಪು, ಭಾರ, ಮೈತುಂಬ ಹಳದಿ ಮಿಂಚು. ನಿಕ್ಕಲ್, ತಾಮ್ರ ಎರಡೂ ಇದೆ ಎಂದು ಕಂಪನಿಯವರು ಕುಣಿದಾಡಿದ್ದು ಈ ಮೂರು ಮೀಟರಿಗೇ.

ಅವಳು ಆಸಿಫನ ಕೈಯಿಂದ ದಿಂಡು ತೆಗೆದುಕೊಂಡು ನಿಲ್ಲಿಸಿ ಬಳೆ ಹಾಕಿದಳು.

ಬಳೆ ಕಲ್ಲಿನ ಮೇಲೆ ನಿಲ್ಲಲೇ ಇಲ್ಲ. ಸುರ್ರೆಂದು ಜಾರಿ ನೆಲಕ್ಕೆ ಬಿದ್ದು ಠಣ್ ಎಂದಿತು. ಮತ್ತೊಂದು ದಿಂಡು, ಮಗದೊಂದು. ಬಳೆಗೂ ಕಲ್ಲಿಗೂ ನಡುವೆ ಒಂದು ಬೆರಳು ತೂರಿಸುವಷ್ಟು ಸಂದು.

ಮಾಳಪ್ಪನ ಆಕಳಿಕೆ ಅರ್ಧಕ್ಕೇ ನಿಂತಿತು.

“ಇದ್ಯಾಕ ಸಣ್ಣ ಅದ ಆಸಿಫ?”

ಆಸಿಫ ನೆಲ ನೋಡುತ್ತ ಹೇಳಿದ. “ಮ್ಯಾಲೆ ಕೊರಿಯಾಕ ದಪ್ಪ ರಾಡು, ಕೊಳವಿ, ಹಾಕ್ತೇವ್ರಿ. ಆಳಕ್ಕ ಹ್ವಾದ ಮ್ಯಾಲೆ ಸಣ್ಣ ರಾಡು. ಸಣ್ಣ ರಾಡಿನ್ಯಾಗ ಸಣ್ಣ ಕಲ್ಲು.”

“ಏಳನೇ ಬಾವ್ಯಾಗ ಸಣ್ಣ ರಾಡು ಎಷ್ಟು ಮೀಟರಿಗೆ ಇಳಿಸಿದ್ರಿ?”

“ತೊಂಬತ್ತೊಂದಕ್ಕರಿ.”

“ಅಂದ್ರ ಅರವತ್ತೊಂದರಾಗ ಸಣ್ಣ ಕಲ್ಲು ಬರಾಕ ಸಾಧ್ಯಿಲ್ಲ.”

ಈ ಮಿಂಚುವ ಕಲ್ಲು ಕರಿಗುಡ್ಡದ ಆ ಆಳದಿಂದ ಬಂದದ್ದಲ್ಲ. ಅದಿರು ಸಿಕ್ಕಿತೆಂದು ತೋರಿಸಲು ಬೇರೆಲ್ಲಿಂದಲೋ ತಂದು ಪೆಟ್ಟಿಗೆಗೆ ತುಂಬಿದ್ದಾರೆ. ನಕಾಶೆ ನೋಡಿ, ಕಂಪ್ಯೂಟರ್ ನೋಡಿ ಕಲ್ಲು ತಿಳಿದವರಿಗೆ ಹೊಳಪು ಕಂಡಿದೆ, ದಪ್ಪ ಕಂಡಿಲ್ಲ. ರಾಡು ಹೊತ್ತ ಕೈಯಾಗಿದ್ದರೆ ಇಂಥ ತಪ್ಪು ಮಾಡುತ್ತಿರಲಿಲ್ಲ.

ಶುಭದಾ ಎದ್ದು ನಿಂತಳು. ಮೊಣಕಾಲು ಚುರುಗುಟ್ಟಿತು. “ಶಿರೀಷ ಅವರ, ಇದನ್ನ ಇವತ್ತ ಸೀಳಬೇಕಂತ ಯಾರು ಹೇಳಿದ್ರು?”

“ನಾನ ಹೇಳೀನಿ. ರಿಪೋರ್ಟ್ ಕಳಿಸಬೇಕಲ್ರಿ.”

“ಸೀಳಿದ ಮ್ಯಾಲೆ ಬಳಿ ತೊಡಸಲಿಕ್ಕೆ ಬರಂಗಿಲ್ಲ.”

“ಅಯ್ಯ, ಬಳಿ ಬಳಿ ಅಂತ ಏನ್ರಿ ಮೇಡಂ,” ಶಿರೀಷನ ದನಿ ಇನ್ನೂ ಮೃದುವೇ. “ನೀವು ಮಧುಸೂದನ ಸರ್ ಮಗಳು. ಬಾಗಲಕೋಟಿಯೊಳಗ ನಾನು ಅವರ ಕೈಯಾಗ ಕಲತಾಂವ. ವಿದ್ಯಾಗಿರಿಯ ನಿಮ್ಮ ಮನಿಗೆ ಬಂದು ಪ್ರೇಮಾಬಾಯಿಯವರ ಕೈ ಅವಲಕ್ಕಿ ತಿಂದಾಂವ. ನಿಮಗ ಸುಳ್ಳ ಹೇಳ್ತೀನೇನು?”

“ಅವಲಕ್ಕಿ ನಮ್ಮವ್ವ ಎಲ್ಲಾರಿಗೂ ಕೊಡ್ತಾಳ. ಕಲ್ಲಿಂದು ಹೇಳ್ರಿ.”

ಅವನ ಮುಖದ ನಗು ಹೋಯಿತು. ಒಳಗೆ ಹೋಗಿ ಒಂದು ಫೈಲು ತಂದು ಮೇಜಿನ ಮೇಲೆ ಬಿಚ್ಚಿಟ್ಟ. “ಸತ್ತಾಂವನ ಮ್ಯಾಲೆ ಹಾಕಬಾರದಂತ ಸುಮ್ಮನಿದ್ದೆ. ನೋಡ್ರಿ. ಅರವತ್ತೊಂದರಿಂದ ಅರವತ್ನಾಲ್ಕು. ಕಲ್ಲು ನೋಡಿ ಬರದಾಂವ ಮಿಲಿಂದ. ಸಹಿ ಮಿಲಿಂದಂದು. ಪೆಟ್ಟಿಗಿ ಕೀಲಿ ಇದ್ದದ್ದು ಮಿಲಿಂದನ ಕಡೆ. ಕಲ್ಲು ಬದಲಾಗಿದ್ರ ಯಾರು ಬದಲ ಮಾಡ್ಯಾರ, ನೀವ ಹೇಳ್ರಿ.”

ಸಹಿ ಮಿಲಿಂದನದೇ. ಶುಭದಾ ಆ ಹಾಳೆಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದಳು. ಕೊನೆಯ ಕಾಲಮ್ಮಿನಲ್ಲಿ ಪ್ರತಿ ಸಾಲಿಗೂ ಒಂದೊಂದು ಅಕ್ಷರ. ದಪ್ಪ ಕಲ್ಲಿಗೆ ‘ಎಚ್’, ಸಣ್ಣದಕ್ಕೆ ‘ಎನ್’ ಎಂದು ಆಸಿಫ ಹೇಳಿದ. ತೊಂಬತ್ತೊಂದರ ತನಕ ಎಲ್ಲವೂ ‘ಎಚ್’. ಒಂದೇ ಒಂದು ಸಾಲಿನಲ್ಲಿ ಆ ಜಾಗ ಖಾಲಿ. ಅರವತ್ತೊಂದರಿಂದ ಅರವತ್ನಾಲ್ಕು.

ಇಡೀ ಹಾಳೆಯಲ್ಲಿ ಒಂದು ಚುಕ್ಕೆಯೂ ಬಿಡದ ಮನುಷ್ಯ ಅಲ್ಲಿ ಪೆನ್ನು ಎತ್ತಿಬಿಟ್ಟಿದ್ದ. ಸುಳ್ಳು ಬರೆಯಲು ಮನಸ್ಸು ಬಂದಿಲ್ಲ, ಖರೆ ಬರೆಯಲು ಧೈರ್ಯ ಸಾಲದೆ ಅಳತೆ ಮಾಡಿ ನೋಡೋಣ ಎಂದುಕೊಂಡಿದ್ದಾನೆ. ಅಳತೆಗೆ ಬೇಕಾದದ್ದು ಬಳೆ. ಬಳೆ ಅವನ ಜೇಬಿಗೆ ಹೇಗೆ ಬಂತು ಎಂಬುದು ಶುಭದಾಗೆ ಈಗ ಹಗಲಿನಷ್ಟು ನಿಚ್ಚಳವಾಯಿತು. ಅವಳಿಗೆ ಆ ಸತ್ತವನ ಮೇಲೆ ಕನಿಕರವೂ, ತನ್ನ ಮೇಲೆ ತುಸು ಹೆಮ್ಮೆಯೂ ಒಟ್ಟಿಗೇ ಬಂದವು. ಹೆಮ್ಮೆ ಬರಬಾರದಿತ್ತು.

“ಈ ಪೆಟ್ಟಿಗಿ, ಈ ಫೈಲು ನನ್ನ ಜೋಡಿ ಬರ್ತಾವ. ನೀವು ಇಳಕಲ್ಲ ಬಿಟ್ಟು ಹೋಗಂಗಿಲ್ಲ. ಗರಗಸ ಚಾಲೂ ಮಾಡಂಗಿಲ್ಲ.”

“ಹೋಗಲಿಕ್ಕೆ ನನಗೆಲ್ಲೆ ಜಾಗಾ ಅದರಿ,” ಎಂದ ಶಿರೀಷ. “ಸರ್‌ಗೆ ನನ್ನ ನಮಸ್ಕಾರ ಹೇಳ್ರಿ.”

ಊರಿನ ಠಾಣೆಗೆ ಫೋನು ಮಾಡಿ ಶೆಡ್ಡಿಗೆ ಒಬ್ಬ ಪೇದೆಯನ್ನು ಕಳಿಸುವಂತೆ ಹೇಳಿದಳು. ಇಮಾಮಸಾಬ ಎಂಬವನು ಬಸ್ ಸ್ಟ್ಯಾಂಡಿನ ಡ್ಯೂಟಿಯಲ್ಲಿದ್ದಾನೆ, ಅರ್ಧ ತಾಸಿನಲ್ಲಿ ಬರುತ್ತಾನೆ ಎಂದರು. ಅವನು ಬರುವ ತನಕ ನಿಲ್ಲಬೇಕೆಂದು ಅವಳಿಗೆ ಒಮ್ಮೆ ಅನ್ನಿಸಿತು. ಗಡಿಯಾರ ನೋಡಿದಳು. ಎರಡೂ ಐವತ್ತು. ರಾಜಮಹ್ಮದನನ್ನು ಕೋರ್ಟಿಗೆ ಹೊರಡಿಸುವ ಮುಂಚೆ ಅವನ ಬಾಯಿ ಬಿಡಿಸಬೇಕಿತ್ತು.

ಪೆಟ್ಟಿಗೆಯನ್ನು ಮಾಳಪ್ಪನೂ ಆಸಿಫನೂ ಹೊತ್ತು ತಂದು ಜೀಪಿನ ಹಿಂದಿನ ಸೀಟಿಗೆ ಅಡ್ಡ ಇಟ್ಟರು. ಕಲ್ಲಿನ ಭಾರಕ್ಕೆ ಇಬ್ಬರೂ ಬೆವೆತಿದ್ದರು. ಆಸಿಫ ಬಾಗಿಲು ಹಿಡಿದು ನಿಂತೇ ಇದ್ದ.

“ಅಬ್ಬಾ ಉಂಡಾರೇನ್ರಿ?”

“ನಿಮ್ಮವ್ವ ರೊಟ್ಟಿ ತಂದಾರ. ಸಂಜಿಗೆ ಮನೀಗೆ ಬರ್ತಾರ, ಅಂಜಬ್ಯಾಡ.”

ಅವನು ಹಿಂತಿರುಗಿ ಶೆಡ್ಡಿನ ಬಾಗಿಲ ಕಡೆ ನೋಡಿದ. “ಮೇಡಂ, ನಾನೂ ಬರ್ಲೇನ್ರಿ ನಿಮ್ಮ ಜೀಪಿನ್ಯಾಗ?”

“ಪೆಟ್ಟಿಗಿ ಇಟ್ಟ ಮ್ಯಾಲೆ ಜಾಗಾ ಎಲ್ಲದ? ಪೊಲೀಸ್ ಬರ್ತಾನ, ಅಲ್ಲೀತನಾ ಇಲ್ಲೇ ಇರು. ಸಂಜೀಕ ಬಸ್ಸಿಗೆ ಬಾ.”

“ಆತ್ರಿ,” ಎಂದ ಆಸಿಫ. ಬಾಗಿಲು ಬಿಡಲು ಅವನ ಕೈಗೆ ಸ್ವಲ್ಪ ಹೊತ್ತು ಹಿಡಿಯಿತು.

ಹುನಗುಂದ ಮುಟ್ಟಿದಾಗ ಮೂರೂ ಹತ್ತು. ಠಾಣೆಯ ಒಳಕೋಣೆಯಲ್ಲಿ ರಾಜಮಹ್ಮದ ಗೋಡೆಗೆ ಒರಗಿ ಕೂತಿದ್ದ. ರೊಟ್ಟಿಯ ಗಂಟು ಬಿಚ್ಚಿರಲಿಲ್ಲ. ಶುಭದಾ ಕುರ್ಚಿ ಎಳೆದುಕೊಂಡು ಎದುರು ಕೂತಳು. ಒಳ್ಳೆಯ ಸುದ್ದಿ ತಂದವರ ಉಮೇದು ಅವಳಲ್ಲಿತ್ತು.

“ಚಾಚಾ, ಈ ಕಲ್ಲು ಮುಟ್ಟಿ ನೋಡ್ರಿ.”

ಮುದುಕ ದಿಂಡನ್ನು ಅಂಗೈಯಲ್ಲಿ ಒಮ್ಮೆ ಹೊರಳಿಸಿದ. ಅಷ್ಟೇ ಸಾಕಾಯಿತು. “ಇದು ನನ್ನ ಕಲ್ಲಲ್ಲ.”

“ಅರವತ್ತೊಂದು ಮೀಟರಿನ ಪೆಟ್ಟಿಗ್ಯಾಗ ಇತ್ತು. ಯಾರೋ ಬದಲ ಮಾಡ್ಯಾರ. ಮಿಲಿಂದಗ ಸಂಶೇ ಬಂದದ. ನಿಮ್ಮ ಪೆಟ್ಟಿಗಿಯೊಳಗಿನ ಬಳಿ ತಗೊಂಡು ಅಳತಿ ಮಾಡ್ಯಾನ, ಜೇಬಿನ್ಯಾಗ ಇಟ್ಕೊಂಡಾನ. ಅದು ಗೊತ್ತಾಗಿ ಯಾರೋ ಅವನ್ನ ಹೊಡದಾರ. ನೀವಲ್ಲ. ಸುಳ್ಳ ಯಾಕ ಹೇಳ್ತೀರಿ?”

ಅವನ ಮುಖ ಅರಳುತ್ತದೆ ಎಂದು ಅವಳು ಕಾದಳು. ಅರಳಲಿಲ್ಲ. ಇದ್ದ ಸ್ವಲ್ಪ ಬಣ್ಣವೂ ಇಳಿಯಿತು.

“ನಾನ ಹೊಡದೇನಿ ಅಂತ ಬರಕೊಂಡೀರಲ್ರಿ. ಅಷ್ಟ ಸಾಕು.”

“ಸಾಕಾಗಂಗಿಲ್ಲ. ನಿಮ್ಮ ಟೂಲ್ ಪೆಟ್ಟಿಗಿ ತಗೀರಿ. ಬಳಿ ಇಡೋ ಜಾಗಾ ಖಾಲಿ ಇದ್ರ ನನ್ನ ಮಾತು ಖರೆ.”

ನಿನ್ನೆ ರಿಗ್ಗಿನಿಂದ ತಂದ ಪೆಟ್ಟಿಗೆ ಮೂಲೆಯಲ್ಲಿತ್ತು. ಬೀಗ ಹಾಗೇ ಇತ್ತು. ರಾಜಮಹ್ಮದ ಸೊಂಟದ ಉಡದಾರಕ್ಕೆ ಕಟ್ಟಿದ ಕೀಲಿಯ ಮೇಲೆ ಕೈಯಿಟ್ಟುಕೊಂಡ.

“ತಗಿಯೂದು ಬ್ಯಾಡ್ರಿ ಮೇಡಂ. ನಿಮಗ ಕೈ ಮುಗೀತೇನಿ.”

ಆ ದನಿಗೆ ಶುಭದಾ ನಿಲ್ಲಬೇಕಿತ್ತು. ಆದರೆ ಗಡಿಯಾರ ಓಡುತ್ತಿತ್ತು, ಅವಳು ಮಾಳಪ್ಪನ ಕಡೆ ನೋಡಿದಳು. ಮಾಳಪ್ಪ ಎರಡೇ ಏಟಿಗೆ ಬೀಗ ಮುರಿದ.

ಪಾನಾ, ಗ್ರೀಸಿನ ಡಬ್ಬಿ, ಹಳೆಯ ಬಿಟ್ಟುಗಳು. ತಳದಲ್ಲಿ ಮಡಚಿಟ್ಟ ಒಂದು ಹಳದಿ ಅರಿವೆ. ಮಾಳಪ್ಪ ಅದನ್ನು ಬಿಚ್ಚಿದ. ಒಳಗೆ ಹಿತ್ತಾಳೆಯ ಬಳೆ. ಅದೇ ಹೂವಿನ ಕೆತ್ತನೆ, ಅದೇ ಬೂದು ಧೂಳು, ಒಳಮೈಗೆ ಅದೇ ಹೊಳಪು.

ಶುಭದಾ ತನ್ನ ಕೈಲಿದ್ದ ಬಳೆಯನ್ನು ಅದರ ಪಕ್ಕಕ್ಕೆ ಇಟ್ಟಳು.

“ಬಳಿ ಒಂಟಿ ಇರಾಂಗಿಲ್ರಿ ಮೇಡಂ,” ಎಂದ ರಾಜಮಹ್ಮದ. “ಮದವ್ಯಾಗ ಎರಡೂ ಕೈಗೆ ಹಾಕಿದ್ರು. ಒಂದು ನಾ ಇಟ್ಕೊಂಡೆ. ಮಗ ರಿಗ್ಗಿನ ಕೆಲಸಕ್ಕ ಬಂದ ಮೊದಲನೇ ದಿನ ಇನ್ನೊಂದು ಅವನ ಕೈಯಾಗ ಕೊಟ್ಟೆ. ಜೀವ ಹೋದ್ರೂ ಇದನ್ನ ಬಿಡಬ್ಯಾಡಪಾ ಅಂತ ಹೇಳಿ ಕೊಟ್ಟೆ.”

“ಆಸಿಫಗ.”

“ನೀವು ನಿನ್ನೆ ತೋರಿಸಿದ್ದು ಅವನ ಬಳಿರಿ. ಅವ ಹೊಡದಾನೋ ಇಲ್ಲೋ ನನಗ ಗೊತ್ತಿಲ್ಲ. ಕೇಳೂ ಧೈರ್ಯ ಆಗಲಿಲ್ಲ. ನನಗ ಅರವತ್ತೆರಡು. ಅವನ ಮಗಳಿಗೆ ಇನ್ನ ಹಲ್ಲ ಬಂದಿಲ್ಲ.”

ಶುಭದಾಗೆ ಗರಗಸದ ಮುಂದೆ ಕೂತಿದ್ದ ಆಸಿಫ ನೆನಪಾದ. ದಿನಾ ಕಲ್ಲು ಹಿಡಿಯುವ ಕೈಗೆ, ಆ ದಿಂಡು ಸಣ್ಣದೆಂದು ತಿಳಿಯದೆ ಇರುತ್ತದೆಯೇ? ತಿಳಿದೂ ಸುಮ್ಮನೆ ಗರಗಸಕ್ಕೆ ಒಡ್ಡಿದ್ದ. ಬಾಯಿ ಕಟ್ಟಿಹಾಕಿದವರು ಯಾರೋ ಇದ್ದರೇ, ಇಲ್ಲ ಹೊಡೆದ ಕೈಯೇ ಅವನದೇ? ಬಳೆಯನ್ನು ಮಿಲಿಂದನಿಗೆ ತಾನೇ ಕೊಟ್ಟನೇ, ಇಲ್ಲ ಮಿಲಿಂದ ಅದನ್ನು ಕಿತ್ತುಕೊಂಡನೇ? ‘ನಾನೂ ಬರ್ಲೇನ್ರಿ’ ಎಂದು ಕೇಳಿದವನು ತಪ್ಪಿಸಿಕೊಳ್ಳಲು ಕೇಳಿದನೋ, ಉಳಿದುಕೊಳ್ಳಲು ಕೇಳಿದನೋ? ಉತ್ತರ ಯಾವುದಾದರೂ ಸರಿಯೇ, ಅವನನ್ನು ಅಲ್ಲಿ ಶಿರೀಷನೊಬ್ಬನ ಜೊತೆಗೆ ಬಿಟ್ಟು ಬಂದವಳು ತಾನು.

ಫೋನು ರಿಂಗಾಯಿತು. ಇಳಕಲ್ಲಿನ ಪೇದೆ ಇಮಾಮಸಾಬ. ಹಿಂದೆ ಏನೋ ಗದ್ದಲ, ಅವನು ಕೂಗಿ ಮಾತಾಡುತ್ತಿದ್ದ. ಶುಭದಾ ಸ್ಪೀಕರ್ ಒತ್ತಿದಳು.

“ಮೇಡಂ, ಶೆಡ್ಡಿನ ಮುಂದ ನಿಂತೇನ್ರಿ. ಬಾಗಲಕ್ಕ ಹೊರಗಿಂದ ಬೀಗ ಐತಿ. ಯಾರನ್ನ ಕರದ್ರೂ ಓ ಅನ್ನವಲ್ಲರು. ಒಳಗ ಗರಗಸ ಮಾತ್ರ ನಡದೈತ್ರಿ.”

“ಬೀಗ ಒಡೀರಿ. ಈಗಿಂದೀಗ ಒಡೀರಿ,” ಎಂದಳು ಶುಭದಾ.

ರಾಜಮಹ್ಮದ ಗೋಡೆ ಹಿಡಿದು ಎದ್ದು ನಿಂತಿದ್ದ. ಎರಡು ಹೆಜ್ಜೆ ಮುಂದೆ ಬಂದು ಫೋನಿನ ಹತ್ತಿರ ಕಿವಿ ತಂದ. ಕಣ್ಣು ಮುಚ್ಚಿ, ರಿಗ್ಗಿನ ಪಕ್ಕ ನಿಂತು ಕೇಳುವಾಗಿನಂತೆ ಕೇಳಿದ.

“ಮೇಡಂ,” ಎಂದ. “ಅದು ಕಲ್ಲು ಕೊಯ್ಯೋ ಸಪ್ಪಳ ಅಲ್ಲರಿ.”